ತೀರಿಕೊಂಡ ಅಜ್ಜಿಗೆ ರಕ್ಷಣೆ ಇದೆಯೇ?

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪಿತೃಪಕ್ಷ ಬಂತೆಂದರೆ ತೀರಿಕೊಂಡವರು ಮನೆಗೆ ಬರುತ್ತಾರೆ. ಅವರಿಗೆಂದು ಹೊಸ ಬಟ್ಟೆ ತಂದು, ಬದುಕಿದ್ದಾಗ ಇಷ್ಟಪಟ್ಟು ತಿನ್ನುತ್ತಿದ್ದುದನ್ನೇ ಮಾಡಿ ಎಡೆ ಇಡುತ್ತಾರೆ. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ. ಅಜ್ಜ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ, ಅಜ್ಜಿಗೆ ಎಲೆ ಅಡಿಕೆ, ಕಡ್ಡಿಪುಡಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಮನೆಮಂದಿಯೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು.

ಮೊದಲ ತಲೆಮಾರಿನಲ್ಲಿ ಕ್ರೈಸ್ತರಾದ ಮನೆಗಳಿಗೆ ಈ ಎಡೆಯನ್ನು ಬಿಡುವುದೇ ದೊಡ್ಡ ಕಷ್ಟವಲ್ಲ. ಕಷ್ಟವಿರುವುದು ಬಿಡಿ ಎನ್ನುವ ಬೋಧನೆಯ ಹಿಂದಿನ ಲೆಕ್ಕದಲ್ಲಿ. ಯೇಸುವನ್ನು ನಂಬಿದವರಿಗೆ ರಕ್ಷಣೆ, ನಂಬದವರಿಗೆ ನಿತ್ಯನರಕ ಎಂದಾದರೆ, ಆ ಹೆಸರನ್ನೇ ಕೇಳದೆ ಕಣ್ಣು ಮುಚ್ಚಿದ ಅಜ್ಜಿ ಈಗ ಎಲ್ಲಿದ್ದಾಳೆ? ಕೃಪೆ, ಪಾಪ, ಪರಲೋಕ ಕುರಿತು ದೇವಶಾಸ್ತ್ರಜ್ಞರು ಎಷ್ಟೇ ಸಂಪುಟ ಬರೆದಿರಲಿ, ಕ್ರೈಸ್ತ ನಂಬಿಕೆಯನ್ನು ಒರೆಗೆ ಹಚ್ಚಲು ಇದೊಂದು ಪ್ರಶ್ನೆ ಸಾಕು.

ಪ್ರಶ್ನೆ ಹೊಸದೇನಲ್ಲ. ಜಪಾನಿನಿಂದ ಮರಳಿದ ಮಿಷನರಿ ಫ್ರಾನ್ಸಿಸ್ ಕ್ಸೇವಿಯರ್ 1552ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ ಇದೇ ಸಂಕಟವಿದೆ. ನರಕಕ್ಕೆ ಹೋದವರಿಗೆ ಬಿಡುಗಡೆಯಿಲ್ಲ ಎಂದು ಕೇಳಿದ ಜಪಾನಿ ಕ್ರೈಸ್ತರು ಸತ್ತ ತಂದೆತಾಯಿ, ಮಕ್ಕಳನ್ನು ನೆನೆದು ಅತ್ತರು. ಅವರು ಅಳುವುದನ್ನು ಕಂಡು ತನಗೂ ದುಃಖವಾಯಿತೆಂದು ಕ್ಸೇವಿಯರ್ ಒಪ್ಪಿಕೊಳ್ಳುತ್ತಾರೆ. ದುಃಖವಾಯಿತು, ಸಿದ್ಧಾಂತ ಮಾತ್ರ ಕದಲಲಿಲ್ಲ. ಚರ್ಚಿನ ಹೊರಗೆ ಸತ್ತವರೆಲ್ಲ ನಿತ್ಯಾಗ್ನಿಗೆ ಎಂದು ಫ್ಲಾರೆನ್ಸ್ ಮಹಾಸಭೆ 1442ರಲ್ಲೇ ಘೋಷಿಸಿಯಾಗಿತ್ತು.

ಇದೇ ಗೋಡೆಗೆ ನಮ್ಮ ಜಿಲ್ಲೆಯಲ್ಲೇ ಒಬ್ಬರು ತಲೆ ಚಚ್ಚಿಕೊಂಡರು. ಶ್ರೀರಂಗಪಟ್ಟಣದ ಗಂಜಾಂನ ಹಳೆಯ ಚರ್ಚನ್ನು ಇವತ್ತಿಗೂ ಅಬ್ಬೆ ದುಬಾಯ್ ಹೆಸರಿನಿಂದಲೇ ಗುರುತಿಸುತ್ತಾರೆ. 1792ರಲ್ಲಿ ಭಾರತಕ್ಕೆ ಬಂದ ಈ ಫ್ರೆಂಚ್ ಪಾದ್ರಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿಗೆ ಬಂದರು. 1784ರಲ್ಲಿ ಟಿಪ್ಪು ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಇಲ್ಲಿಗೆ ಸಾಗಿಸಿದ್ದ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಜಗಳ ಇನ್ನೂ ಮುಗಿದಿಲ್ಲ. ಅವರಲ್ಲಿ ಅನೇಕರು ಒತ್ತಾಯಕ್ಕೆ ಸಿಕ್ಕಿ ಧರ್ಮ ಬಿಟ್ಟಿದ್ದರು. ಕ್ರಿಸ್ತನನ್ನು ನಿರಾಕರಿಸುವುದು ಚರ್ಚಿನ ಲೆಕ್ಕದಲ್ಲಿ ಘೋರ ಪಾಪ. ಆದರೂ ದುಬಾಯ್ ಅವರನ್ನು ಮರಳಿ ಸೇರಿಸಿಕೊಂಡರು. ಸಿಡುಬಿನ ಕಾಲದಲ್ಲಿ, 1803–04ರಲ್ಲಿ, ಸುಮಾರು 25 ಸಾವಿರ ಜನರಿಗೆ ಲಸಿಕೆ ಹಾಕಿಸಿದರು. ಜನ ದೊಡ್ಡ ಸ್ವಾಮಿಯೋರು ಎಂದು ಕರೆಯುತ್ತಿದ್ದರಂತೆ.

ಇಂಥ ಮನುಷ್ಯ 1823ರಲ್ಲಿ ದೇಶ ಬಿಟ್ಟು ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕದ ವಾದವೇನು? ಹಿಂದೂಗಳನ್ನು ಕ್ರೈಸ್ತರನ್ನಾಗಿಸುವುದು ಆಗದ ಮಾತು. ಇಷ್ಟು ವರ್ಷಗಳಲ್ಲಿ ತಮ್ಮಿಂದ ಮತಾಂತರಗೊಂಡವರು ಇನ್ನೂರು ಮುನ್ನೂರು ಜನ, ಅವರಲ್ಲಿ ಹೆಚ್ಚಿನವರು ಹೊಟ್ಟೆಗಿಲ್ಲದವರು, ಜಾತಿಯಿಂದ ಹೊರಗಾದವರು ಎಂದು ಅವರೇ ಲೆಕ್ಕ ಕೊಡುತ್ತಾರೆ. ಇಂಥ ಪ್ರಾಮಾಣಿಕತೆ ಮಿಷನರಿಗಳ ವರದಿಗಳಲ್ಲಿ ಅಪರೂಪ. ಆದರೆ ಆ ಲೆಕ್ಕದಿಂದ ಅವರು ಮುಟ್ಟಿದ ತೀರ್ಮಾನ ಮೈ ನಡುಗಿಸುವಂಥದ್ದು: ಈ ಜನ ದೇವರ ಶಾಪಕ್ಕೆ ಒಳಗಾದವರಿರಬೇಕು, ದೇವರೇ ಇವರ ಕೈಬಿಟ್ಟಿರಬೇಕು. ತಾವೇ ಸಿಡುಬಿನಿಂದ ಉಳಿಸಿದ ಜನರ ಬಗ್ಗೆ ಬರೆದ ಮಾತಿದು! ಕಾವೇರಿ ದಡದ ಜನರನ್ನು ಕಾಲು ಶತಮಾನ ಹತ್ತಿರದಿಂದ ಕಂಡವರಿಗೆ ಸಿದ್ಧಾಂತವೇ ತಪ್ಪಿರಬಹುದೆಂಬ ಅನುಮಾನ ಬರಬೇಕಿತ್ತು. ಅದು ಬರಲಿಲ್ಲ, ಜನರೇ ಶಪಿತರೆಂದಾಯಿತು. 1824ರಲ್ಲಿ ಜೇಮ್ಸ್ ಹಫ್ ಮತ್ತು ಹೆನ್ರಿ ಟೌನ್ಲಿ ಎಂಬ ಇಬ್ಬರು ಪ್ರಾಟೆಸ್ಟಂಟರು ಪ್ರತ್ಯುತ್ತರ ಬರೆದರು. ತಮಾಷೆಯೆಂದರೆ, ಆಗದ ಕೆಲಸ ಎಂದಿದ್ದ ದುಬಾಯ್ ಮುಂದೆ ಪ್ಯಾರಿಸಿನಲ್ಲಿ ಅದೇ ಕೆಲಸಕ್ಕೆ ಪಾದ್ರಿಗಳನ್ನು ಕಳಿಸುವ ಸಂಸ್ಥೆಯ ಮುಖ್ಯಸ್ಥರಾದರು.

ದುಬಾಯ್‌ಗೆ ಆಗದ್ದನ್ನು ರೋಮ್ ನಿಧಾನವಾಗಿ ಮಾಡಿತು. ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದವರು, ಆತ್ಮಸಾಕ್ಷಿಯಂತೆ ಬಾಳಿದರೆ ರಕ್ಷಣೆ ಹೊಂದಬಲ್ಲರು ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೇಳಿತು. ದೀಕ್ಷಾಸ್ನಾನವಿಲ್ಲದೆ ಸತ್ತ ಹಸುಗೂಸುಗಳಿಗೂ ರಕ್ಷಣೆಯ ಭರವಸೆ ಇಟ್ಟುಕೊಳ್ಳಬಹುದು ಎಂಬ ದಾಖಲೆಯನ್ನು ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ ಹೊರತಂದದ್ದು 2007ರಲ್ಲಿ. ಸಿರೋ ಮಲಬಾರ್ ಕ್ಯಾಥೊಲಿಕರ ಮಂಡ್ಯ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು ಅದಾದ ಮೂರು ವರ್ಷಕ್ಕೆ, 2010ರಲ್ಲಿ. ಅಂದರೆ ಕ್ಯಾಥೊಲಿಕರ ಮಟ್ಟಿಗೆ ಅಜ್ಜಿಯ ಪ್ರಶ್ನೆಗೆ ಕಾಗದದ ಮೇಲೆ ಉತ್ತರವಿದೆ. ಪಾದ್ರಿಗಳು ಅದನ್ನು ಪೀಠದಿಂದ ಗಟ್ಟಿಯಾಗಿ ಹೇಳಬೇಕು. ಯಾವ ಮಹಾಸಭೆಗೂ ಸೇರದ, ಬೋಧಕರ ಮಾತೇ ಕೊನೆಯ ಮಾತಾದ ಸ್ವತಂತ್ರ ಪ್ರಾರ್ಥನಾ ಮಂದಿರಗಳಲ್ಲಿ ಇಂಥ ಕಾಗದವೂ ಇಲ್ಲ.

ಇಲ್ಲಿ ನಮ್ಮ ಕಡೆಯವರು ಬೀಗುವಂತಿಲ್ಲ. ನಿತ್ಯನರಕ ಪರದೇಶದ ಸರಕು ಎನ್ನುವವರು ಉಡುಪಿಯ ಮಧ್ವರ ಜೀವತಾರತಮ್ಯವನ್ನು ಓದಬೇಕು. ಕೆಲವು ಜೀವರು ಸ್ವಭಾವದಿಂದಲೇ ಅಂಧತಮಸ್ಸಿಗೆ ಯೋಗ್ಯರು, ಅವರಿಗೆ ಮರಳುವ ದಾರಿಯೇ ಇಲ್ಲ ಎನ್ನುತ್ತದೆ ಅದು. ಮದ್ದೂರು ತಾಲ್ಲೂಕಿನ ಆರೆತಿಪ್ಪೂರಿನ ಬೆಟ್ಟದ ಜೈನರದು ಇನ್ನೊಂದು ತುದಿ. ಅಲ್ಲಿ ಕೃಪೆ ತೋರುವ ದೇವರೇ ಇಲ್ಲ, ಅವರವರ ಕರ್ಮ ಅವರವರೇ ಸವೆಸಬೇಕು. ಕೃಪೆಯ ಗಂಟನ್ನು ನಿಜವಾಗಿ ಬಿಚ್ಚಲು ನೋಡಿದವರು ರಾಮಾನುಜರ ಪರಂಪರೆಯವರು. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜರು ನೆಲೆಸಿದ ಮೇಲುಕೋಟೆ ನಮ್ಮದೇ ಜಿಲ್ಲೆ. ಮಳವಳ್ಳಿಯಿಂದ ಕಾವೇರಿ ದಾಟಿದರೆ ಸಿಗುವ ಸತ್ತೇಗಾಲದಲ್ಲಿ ಅದೇ ಪರಂಪರೆಯ ವೇದಾಂತ ದೇಶಿಕರು ತಲೆಮರೆಸಿಕೊಂಡಿದ್ದರು ಎಂಬುದು ಸಂಪ್ರದಾಯದ ನಂಬಿಕೆ. ಕೃಪೆಗೆ ಜೀವದ ಪ್ರಯತ್ನವೂ ಬೇಕೇ ಎಂಬಲ್ಲಿ ಈ ಪರಂಪರೆ ಕವಲೊಡೆಯಿತು. ಮರಿಕೋತಿ ತಾಯಿಯನ್ನು ತಾನೇ ಅವುಚಿಕೊಳ್ಳಬೇಕು ಎಂದರು ವಡಗಲೆಯವರು. ಬೆಕ್ಕಿನ ಮರಿ ಸುಮ್ಮನಿದ್ದರೂ ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ ಎಂದರು ತೆಂಗಲೆಯವರು. ನಂಬಿಕೆಯೂ ದೇವರ ಕೊಡುಗೆಯೇ, ಅಥವಾ ನಾವು ಕೊಡಬೇಕಾದ ಬೆಲೆಯೇ ಎಂದು ಲೂಥರ್ ಕಾಲದಿಂದ ಕ್ರೈಸ್ತರು ಹೊಡೆದಾಡಿದ್ದೂ ಇದೇ ಜಾಗದಲ್ಲಿ. ಕ್ಯಾಥೊಲಿಕರೂ ಲೂಥರನ್ನರೂ ಈ ಬಗ್ಗೆ ಒಪ್ಪಂದದ ಹೇಳಿಕೆಗೆ ಸಹಿ ಹಾಕಿದ್ದು 1999ರಲ್ಲಿ, ಸುಮಾರು ಐದು ಶತಮಾನ ತಡವಾಗಿ.

ನನ್ನ ತಕರಾರು ಸರಳ. ಕೃಪೆ ಪುಕ್ಕಟೆ ಎನ್ನುತ್ತೀರಿ, ಆಮೇಲೆ ನಂಬಿಕೆಯ ಷರತ್ತು ಹಾಕುತ್ತೀರಿ. ಆ ಷರತ್ತನ್ನು ಪೂರೈಸುವ ಅವಕಾಶವೋ ಯಾವ ಊರಲ್ಲಿ, ಯಾವ ಕಾಲದಲ್ಲಿ ಹುಟ್ಟಿದೆವು ಎಂಬುದರ ಮೇಲೆ ನಿಂತಿದೆ. ಇದನ್ನು ನ್ಯಾಯ ಎನ್ನಲು ನನ್ನಿಂದಾಗದು.

ಆದರೆ ನರಕವೇ ಬೇಡ, ಎಲ್ಲರಿಗೂ ಸ್ವರ್ಗ ಎಂದುಬಿಡುವುದು ಹೊಟ್ಟೆ ತುಂಬಿದವರಿಗೆ ಸುಲಭ. ಕೇರಿಯಿಂದ ಪ್ರಾರ್ಥನಾ ಮಂದಿರಕ್ಕೆ ನಡೆದುಬಂದವನಿಗೆ ಅಂತಿಮ ತೀರ್ಪಿನ ಮಾತು ಹೆದರಿಕೆಯಾಗಿಯಷ್ಟೇ ಕೇಳಿಸುವುದಿಲ್ಲ. ಬಾವಿ ಮುಟ್ಟಗೊಡದ, ಕೂಲಿ ಕೊಡದೆ ಹೊಡೆದು ಕಳಿಸಿದ ಧಣಿಯ ಲೆಕ್ಕವನ್ನು ಯಾರೋ ಬರೆದಿಡುತ್ತಿದ್ದಾರೆ ಎಂಬ ಧೈರ್ಯವೂ ಅದರಲ್ಲಿದೆ. ಆ ಧೈರ್ಯವನ್ನು ಕಿತ್ತುಕೊಳ್ಳುವ ಮುಂಚೆ ಯೋಚಿಸಬೇಕು. ಆದರೆ ಕ್ರೈಸ್ತ ಬೋಧನೆ ಅಲ್ಲೂ ಕೈ ಕೊಡುತ್ತದೆ. ಧಣಿ ಸಾಯುವ ಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟರೆ ಅವನೂ ಪಾರು. ಶಿಲುಬೆಯ ಪಕ್ಕದಲ್ಲಿದ್ದ ಕಳ್ಳ ಹಾಗೇ ಪಾರಾದ. ಭಾಗವತದ ಅಜಾಮಿಳನೂ ಮಗನನ್ನು ಕೂಗಿ ಯಮದೂತರ ಕೈ ತಪ್ಪಿಸಿಕೊಂಡನಲ್ಲ! ಹೊಡೆಸಿಕೊಂಡವನು ನಂಬದೆ ಸತ್ತು ನರಕದಲ್ಲಿ, ಹೊಡೆದವನು ನಂಬಿ ಸತ್ತು ಸ್ವರ್ಗದಲ್ಲಿ ಎಂಬುದು ಯಾವ ತೀರ್ಪು?

ಇವೆಲ್ಲ ಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು. ನಮ್ಮ ಶಾಸನಸಭೆ ಬೇರೆ ದಾರಿ ಹಿಡಿಯಿತು. 2022ರ ಮತಾಂತರ ನಿಷೇಧ ಕಾಯ್ದೆ, ದೈವದ ಅವಕೃಪೆಯ ಮಾತನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತು. ದೇವರಿಗೆ ಕೋಪ ಬರುತ್ತದೋ ಇಲ್ಲವೋ ಎಂಬುದನ್ನು ಸಬ್ ಇನ್ಸ್‌ಪೆಕ್ಟರ್ ತನಿಖೆ ಮಾಡಬೇಕಾದ ಸ್ಥಿತಿ. 2023ರ ಜೂನ್‌ನಲ್ಲಿ ಸಂಪುಟ ಈ ಕಾಯ್ದೆಯನ್ನು ರದ್ದು ಮಾಡಲು ತೀರ್ಮಾನಿಸಿದ್ದು ಸರಿ. ನರಕದ ಹೆದರಿಕೆ ಹುಟ್ಟಿಸುವ ಬೋಧಕನ ಮೇಲೆ ಪ್ರಕರಣ ಹಾಕಿದರೆ ಅವನು ತನ್ನವರ ಕಣ್ಣಿಗೆ ಹುತಾತ್ಮನಾಗುತ್ತಾನೆ, ಉತ್ತರ ಹೇಳುವ ಹೊಣೆಯಿಂದಲೂ ಪಾರಾಗುತ್ತಾನೆ. ಅದೇ ಬೋಧಕನನ್ನು ಅವನ ಸಭೆಯ ಹೆಂಗಸೊಬ್ಬಳು ಎಲ್ಲರೆದುರು ಕೇಳಿದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಒಂದೋ ನಿನ್ನ ಹಿರಿಯರೆಲ್ಲ ಬೆಂಕಿಯಲ್ಲಿದ್ದಾರೆ ಎಂದು ಅವಳ ಮುಖ ನೋಡಿ ಹೇಳಬೇಕು, ಇಲ್ಲವೇ ತನ್ನ ಬೋಧನೆಯನ್ನು ತಿದ್ದಿಕೊಳ್ಳಬೇಕು.