ಆರು ರನ್ನುಗಳ ಅಂತರ

ಮದ್ಯದ ಹೆಸರನ್ನು ಹೊತ್ತ ಒಂದು ಕ್ರಿಕೆಟ್ ತಂಡ ಸೋತರೆ, ಕಾಶಿಯಲ್ಲಿ ದುಡಿಯುವ ಕನ್ನಡದ ಹುಡುಗನು ರಾತ್ರಿಯ ಊಟವನ್ನೇಕೆ ಬಿಡಬೇಕು? ಹನುಮಾನ್ ಘಾಟಿನ ಮೆಟ್ಟಿಲುಗಳ ಮೇಲೆ ಸಂಜೆ ಕೂಡುವ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಹಿಂದೆ ಅದರಲ್ಲಿ ನಗೆಯಿತ್ತು. ೨೦೨೫ರ ಜೂನ್ ೪ರ ತರುವಾಯ ಆ ನಗೆ ಹೋಯಿತು. ಅಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ನೂಕುನುಗ್ಗಲಿಗೆ ಸಿಕ್ಕಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. "ಆಟದ ಹುಚ್ಚಿಗೆ ಸತ್ತರು" ಎಂಬ ಮಾತನ್ನು ಅಂದಿನಿಂದ ನಾವು ಅನೇಕರ ಬಾಯಲ್ಲಿ, ಓದು ಬಲ್ಲವರ ಬಾಯಲ್ಲಿಯೂ, ಕೇಳಿದ್ದೇವೆ. ಈ ಮಾತನ್ನು ನಾವು ಒಪ್ಪಲಾರೆವು. ಆ ಜನರನ್ನು ಅಲ್ಲಿಗೆ ಕರೆತಂದದ್ದು ಹಿಂದಿನ ರಾತ್ರಿಯ ಗೆಲುವೆಂದು ತಿಳಿದವರು ಅರ್ಧವನ್ನು ಮಾತ್ರ ತಿಳಿದಂತೆ. ಅವರನ್ನು ಕರೆತಂದದ್ದು ಹದಿನೇಳು ವರ್ಷಗಳ ಸೋಲು. ಆ ಸೋಲಿನ ಕಥೆಯನ್ನು ಹೇಳದೆ ಸತ್ತವರಿಗೆ ನ್ಯಾಯ ಸಲ್ಲುವಂತಿಲ್ಲ.

ರಾಯಲ್ ಚಾಲೆಂಜರ್ಸ್ ತಂಡದ ಮೊದಲ ಪಂದ್ಯವೇ ಅಪಶಕುನವಾಗಿ ನಡೆಯಿತು. ೨೦೦೮ರ ಏಪ್ರಿಲ್ ೧೮ರಂದು, ಸ್ವಂತ ಅಂಗಳದಲ್ಲಿ, ರಾಹುಲ್ ದ್ರಾವಿಡರ ನಾಯಕತ್ವದಲ್ಲಿ, ತಂಡವು ಕೋಲ್ಕತ್ತಕ್ಕೆ ೧೪೦ ರನ್ನುಗಳಿಂದ ಸೋತಿತು. ಎದುರಾಳಿ ಮೆಕಲಮ್ ಒಬ್ಬನೇ ೧೫೮ ಹೊಡೆದರೆ ನಮ್ಮವರೆಲ್ಲ ಸೇರಿ ೮೨. ಮರುವರ್ಷ ಪಂದ್ಯಾವಳಿ ದಕ್ಷಿಣ ಆಫ್ರಿಕಕ್ಕೆ ಹೋದಾಗ ಅನಿಲ್ ಕುಂಬ್ಳೆಯವರು ತಂಡವನ್ನು ಅಂತಿಮ ಪಂದ್ಯಕ್ಕೆ ಕೊಂಡೊಯ್ದರು. ಜೊಹಾನ್ಸ್‌ಬರ್ಗಿನಲ್ಲಿ ಅವರು ಗಿಲ್‌ಕ್ರಿಸ್ಟನನ್ನು ಸೊನ್ನೆಗೆ ಹಿಂದಿರುಗಿಸಿ, ೧೬ ರನ್ನಿಗೆ ೪ ವಿಕೆಟ್ಟು ಪಡೆದರು. ಆ ದಿನ ಆಡಿದ ಹನ್ನೊಂದು ಮಂದಿಯಲ್ಲಿ ಕುಂಬ್ಳೆ, ದ್ರಾವಿಡ್, ಉತ್ತಪ್ಪ, ವಿನಯಕುಮಾರ್, ಮನೀಶ್ ಪಾಂಡೆ ಎಂದು ಐವರು ಕರ್ನಾಟಕದವರು. ಗೆಲ್ಲಲು ೧೪೪ ಬೇಕಿತ್ತು. ೧೩೭ಕ್ಕೆ ಆಟ ಮುಗಿಯಿತು. ಸೋಲಿನ ಅಂತರ ಆರು ರನ್ನು. ಎಂಟು ತಿಂಗಳೂ ಕಳೆಯಲಿಲ್ಲ, ೨೦೧೦ರ ಜನವರಿಯಲ್ಲಿ ಮೈಸೂರಿನಲ್ಲಿ ನಡೆದ ರಣಜಿ ಅಂತಿಮ ಪಂದ್ಯದಲ್ಲಿ ಕರ್ನಾಟಕವು ೩೩೮ರ ಗುರಿಯನ್ನು ಬೆನ್ನಟ್ಟಿ, ಮುಂಬಯಿಗೆ ಸೋತಿತು. ಅಂತರ ಮತ್ತೆ ಆರು ರನ್ನು! ಆರೆಂಬ ಅಂಕಿಗೂ ಕನ್ನಡಿಗರಿಗೂ ಯಾವ ಜನ್ಮದ ಸಾಲವಿತ್ತೋ ನಾವರಿಯೆವು.

೨೦೧೧ರ ಅಂತಿಮ ಪಂದ್ಯವನ್ನು ಚೆನ್ನೈಯಲ್ಲಿ ೫೮ ರನ್ನುಗಳಿಂದ ಕಳೆದುಕೊಂಡದ್ದಕ್ಕೆ ಹೆಚ್ಚು ದುಃಖಿಸುವವರಿಲ್ಲ. ಸ್ವಚ್ಛವಾದ ಸೋಲು ಬೇಗ ಮಾಯುತ್ತದೆ. ಮಾಯದ ಗಾಯ ೨೦೧೬ರದು. ಆ ವರ್ಷ ವಿರಾಟ್ ಕೊಹ್ಲಿ ೯೭೩ ರನ್ನು ಹೊಡೆದಿದ್ದರು. ಅಂತಿಮ ಪಂದ್ಯ ಬೆಂಗಳೂರಿನಲ್ಲಿಯೇ ಇತ್ತು. ೨೦೯ರ ಗುರಿಗೆ ಮೊದಲ ಜೋಡಿಯೇ ೧೧೪ ಕೂಡಿಸಿಕೊಟ್ಟಿತು. ಅಲ್ಲಿಂದ ಮುಂದೆ ಕೈಯಲ್ಲಿದ್ದ ತುತ್ತು ಬಾಯಿಗೆ ಬರಲಿಲ್ಲ. ಎಂಟು ರನ್ನುಗಳಿಂದ ಸೋತರು. ಮರುವರ್ಷ ಏಪ್ರಿಲ್ ೨೩ರಂದು ಕೋಲ್ಕತ್ತದಲ್ಲಿ ಇಡೀ ತಂಡವು ೪೯ಕ್ಕೆ ಉರುಳಿತು. ಒಬ್ಬ ದಾಂಡಿಗನೂ ಎರಡಂಕಿ ಮುಟ್ಟಲಿಲ್ಲ. ನಾಲ್ಕು ವರ್ಷಗಳ ಹಿಂದೆ, ಅದೇ ಏಪ್ರಿಲ್ ೨೩ರಂದು, ಇದೇ ತಂಡ ಬೆಂಗಳೂರಿನಲ್ಲಿ ೨೬೩ ಹೊಡೆದಿತ್ತು. ಇಷ್ಟು ಏರನ್ನೂ ಇಷ್ಟು ಇಳಿತವನ್ನೂ ಒಂದೇ ಹೃದಯದಿಂದ ತಾಳಿಕೊಂಡವರನ್ನು ಹುಚ್ಚರೆನ್ನುವ ಮೊದಲು, ಅವರ ತಾಳ್ಮೆಯನ್ನಾದರೂ ಒಮ್ಮೆ ಅಳೆದು ನೋಡಬೇಕು.

ಹೋಟೆಲಿನಲ್ಲಿ ದುಡಿಯುವವನಿಗೆ ಈ ಸೋಲು ಬಂದ ಬಗೆಯೇ ಬೇರೆ. ಪಂದ್ಯ ಆರಂಭವಾಗುವುದು ಸಂಜೆ ಏಳೂವರೆಗೆ. ಗೋದೌಲಿಯಾದ ಆಸುಪಾಸಿನ ಉಪಾಹಾರ ಗೃಹಗಳಲ್ಲಿ, ಗಂಗಾರತಿ ಮುಗಿಸಿಕೊಂಡು ಬರುವ ಯಾತ್ರಿಕರ ಗುಂಪು ಮೇಜು ತುಂಬುವುದೂ ಅದೇ ಹೊತ್ತಿಗೆ. ದೋಸೆಯ ಕಾವಲಿಯ ಮುಂದೆ ನಿಂತ ಭಟ್ಟರಿಗೆ ತಿರುಗಿ ನೋಡಲು ಬಿಡುವಿಲ್ಲ; ಮಾಣಿಗೆ ಕೈಯಲ್ಲಿ ತಟ್ಟೆ; ಗಲ್ಲಾದ ಗುಮಾಸ್ತನಿಗೆ ಚಿಲ್ಲರೆಯ ತಕರಾರು. ಗಿರಾಕಿಗಳು ತೆಳುವಾಗಿ, ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡುವ ವೇಳೆಗೆ ರಾತ್ರಿ ಹನ್ನೊಂದು. ಮಾರನೆಯ ದಿನದ ಹಿಟ್ಟು ರುಬ್ಬುವ ಯಂತ್ರದ ಸದ್ದಿನ ಪಕ್ಕದಲ್ಲಿ, ಎಣ್ಣೆ ಡಬ್ಬಕ್ಕೆ ಒರಗಿಸಿಟ್ಟ ಮೊಬೈಲಿನ ಮುಂದೆ ಆರೇಳು ಮಂದಿ ಬಗ್ಗಿ ನಿಲ್ಲುತ್ತಾರೆ. ಅವರಿಗೆ ದಕ್ಕುವುದು ಕೊನೆಯ ನಾಲ್ಕೈದು ಓವರುಗಳು ಮಾತ್ರ. ನಮ್ಮ ತಂಡ ಸೋಲುತ್ತಿದ್ದುದೂ ಸಾಮಾನ್ಯವಾಗಿ ಆ ನಾಲ್ಕೈದು ಓವರುಗಳಲ್ಲಿಯೇ! ಮೊದಲ ಭಾಗದ ವೈಭವವನ್ನು ಮನೆಯಲ್ಲಿ ಕುಳಿತವರು ಕಂಡರು. ಕೊನೆಯ ಭಾಗದ ಅವಸ್ಥೆಯನ್ನು ಮಾತ್ರ, ಎಷ್ಟೋ ವರ್ಷ, ನಮ್ಮ ಹೋಟೆಲು ಕೆಲಸಗಾರರು ಕಂಡರು. ಮಾರನೆಯ ಬೆಳಿಗ್ಗೆ ಐದಕ್ಕೆ ಎದ್ದು ಇಡ್ಲಿ ಹಬೆಗಿಟ್ಟರು.

ಹಿರಿಯರು ತಮ್ಮ ಯೌವನವನ್ನು ಮರೆತಿರಬಹುದು. ಅವರಲ್ಲಿ ಕೆಲವರು ಕಾಶಿಗೆ ಬರುವ ಮೊದಲು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತವರು. ೧೯೫೮-೫೯ರಿಂದ ೧೯೭೨-೭೩ರವರೆಗೆ ಹದಿನೈದು ವರ್ಷ ಒಂದೇ ಸಮನೆ ರಣಜಿ ಕಪ್ಪು ಮುಂಬಯಿಯದೇ ಆಗಿತ್ತು. ೧೯೫೯-೬೦ರ ಅಂತಿಮ ಪಂದ್ಯದಲ್ಲಿ ಅದರ ಮುಂದೆ ಮಣಿದದ್ದು ನಮ್ಮ ಮೈಸೂರು. ಆ ನಗರದಲ್ಲಿ ಬಡಿಸುತ್ತ, ಆ ನಗರದವರಿಂದಲೇ ಆ ಸೋಲಿನ ಸುದ್ದಿಯನ್ನು ಕೇಳಿದವನಿಗೆ ಹೇಗಾಗಿರಬೇಡ! ಕೊನೆಗೆ ೧೯೭೪ರಲ್ಲಿ, ಕರ್ನಾಟಕವೆಂಬ ಹೊಸ ಹೆಸರಿನಿಂದ ಆಡಿದ ಮೊದಲ ಋತುವಿನಲ್ಲಿಯೇ, ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ವಿಶ್ವನಾಥರ ೧೬೨ರ ಬಲದಿಂದ, ಪ್ರಸನ್ನ ಮತ್ತು ಚಂದ್ರಶೇಖರರ ಕೈಚಳಕದಿಂದ ಮುಂಬಯಿಯ ಸರಪಳಿ ಕಡಿಯಿತು. ರೇಡಿಯೋಗೆ ಕಿವಿ ಹಚ್ಚಿ ಕುಳಿತಿದ್ದ ದಿನಗಳನ್ನು ಇಂದಿಗೂ ನೆನೆಯುವ ಹಿರಿಯರು, ಮೊಬೈಲಿಗೆ ಕಣ್ಣು ಹಚ್ಚಿದ ಹುಡುಗನನ್ನು ಹಳಿಯುವುದು ನಮಗೆ ಸೋಜಿಗ.

"ಅದು ನಮ್ಮ ಹುಡುಗರ ತಂಡ, ಇದು ಹಣ ಕೊಟ್ಟು ಕೊಂಡ ತಂಡ" ಎಂಬ ಉತ್ತರ ಅವರಲ್ಲಿ ಸಿದ್ಧವಾಗಿದೆ. ಈ ಮಾತಿನಲ್ಲಿ ಸತ್ಯಾಂಶ ಉಂಟು. ಅದನ್ನು ಮುಚ್ಚಿಡುವುದು ಸಲ್ಲದು. ಐರ್ಲೆಂಡಿನ ಪಶ್ಚಿಮದಲ್ಲಿ ಮೇಯೋ ಎಂಬ ಸೀಮೆಯಿದೆ. ಹೊಟ್ಟೆಪಾಡಿಗಾಗಿ ಇಂಗ್ಲೆಂಡ್, ಅಮೆರಿಕಗಳಿಗೆ ತಲೆಮಾರುಗಳಿಂದ ಜನರನ್ನು ಕಳುಹಿಸಿಕೊಟ್ಟ ಬಡ ನೆಲ. ಚೆಂಡನ್ನು ಕಾಲಿನಿಂದಲೂ ಕೈಯಿಂದಲೂ ಆಡುವ ಗೇಲಿಕ್ ಫುಟ್‌ಬಾಲ್ ಅಲ್ಲಿನ ಪ್ರಾಣ. ಮೇಯೋ ತಂಡ ೧೯೫೧ರಲ್ಲಿ ದೇಶದ ಕಪ್ಪನ್ನು ಗೆದ್ದಿತು. ಆಮೇಲೆ ೧೯೮೯ರಿಂದ ೨೦೨೧ರೊಳಗೆ ಹನ್ನೊಂದು ಅಂತಿಮ ಪಂದ್ಯಗಳನ್ನು ತಲುಪಿ ಹನ್ನೊಂದನ್ನೂ ಸೋತಿತು. ೨೦೧೩, ೨೦೧೬, ೨೦೧೭ರಲ್ಲಿ ಸೋತದ್ದು ಒಂದೇ ಎದುರಾಳಿಯಾದ ಡಬ್ಲಿನ್ನಿಗೆ, ಪ್ರತಿ ಸಲವೂ ಒಂದೇ ಒಂದು ಅಂಕದಿಂದ! ಆದರೆ ಅಲ್ಲಿ ಆಟಗಾರನಿಗೆ ಸಂಬಳವಿಲ್ಲ. ಅವನು ಶಾಲೆಯ ಮಾಸ್ತರನೋ, ರೈತನ ಮಗನೋ ಆಗಿ ತನ್ನ ಸೀಮೆಗಾಗಿ ಆಡುತ್ತಾನೆ. ಸೋತ ಮರುದಿನ ಊರಿನ ಅಂಗಡಿಯಲ್ಲಿ ಜನರ ಮುಖ ನೋಡಬೇಕಾಗುತ್ತದೆ. ನಮ್ಮ ತಂಡವನ್ನಾದರೋ ೨೦೦೮ರಲ್ಲಿ ಮದ್ಯದ ವ್ಯಾಪಾರಿ ವಿಜಯ್ ಮಲ್ಯರ ಕಂಪೆನಿ ಕೊಂಡಿತು, ತನ್ನ ಸರಕಿನ ಹೆಸರನ್ನೇ ಇಟ್ಟಿತು. ೨೦೦೯ರ ಅಂತಿಮ ಪಂದ್ಯದಲ್ಲಿ ಐವರಿದ್ದ ಕರ್ನಾಟಕದವರು ೨೦೨೫ರ ಅಂತಿಮ ಪಂದ್ಯದ ಹನ್ನೊಂದರಲ್ಲಿ ಒಬ್ಬರೇ, ಮಯಾಂಕ್ ಅಗರ್ವಾಲ್. ನಾಯಕ ರಜತ್ ಪಾಟೀದಾರ್ ಇಂದೂರಿನವರು.

ಹಾಗಾದರೆ ಆ ತಂಡದಲ್ಲಿ ನಮ್ಮದೆನ್ನುವುದು ಯಾವುದು? ಒಡೆತನ ನಮ್ಮದಲ್ಲ, ಆಟಗಾರರೂ ಬಹುತೇಕ ನಮ್ಮವರಲ್ಲ. ಸೋಲನ್ನು ಹೊತ್ತವರು ಮಾತ್ರ ನಾವು. ಒಡೆಯರು ಬದಲಾದರು, ನಾಯಕರು ಬದಲಾದರು. ರಾಹುಲ್ ಪಂಜಾಬಿಗೆ ಹೋದರು. ೨೦೨೪ರ ಮಾರ್ಚಿನಲ್ಲಿ 'ಬ್ಯಾಂಗಲೋರ್' ಎಂಬುದು 'ಬೆಂಗಳೂರು' ಆಯಿತು. ಬದಲಾಗದೆ ಉಳಿದದ್ದು ಅಂಗಳದ ಸುತ್ತ ಕುಳಿತ ಜನ, ಮತ್ತು ಅವರ ಬಾಯಲ್ಲಿದ್ದ ಒಂದು ವಾಕ್ಯ: "ಈ ಸಲ ಕಪ್ ನಮ್ದೇ." ವ್ಯಾಕರಣದ ದೃಷ್ಟಿಯಿಂದ ಇದು ನಮ್ಮ ಪುಟಗಳಲ್ಲಿ ಅಚ್ಚಾಗಲು ಅರ್ಹವಾದ ಕನ್ನಡವಲ್ಲ. ಆದರೂ ಹಿಂದಿಯ ಈ ನಡುನೆಲದಲ್ಲಿ ನಮ್ಮ ಮಹಾಕಾವ್ಯಗಳು ಮಾಡಲಾರದ ಕೆಲಸವನ್ನು ಇದು ಮಾಡಿತು. ಕಾಶಿಯ ಗಿರಾಕಿಗಳು ಪ್ರತಿ ವರ್ಷ ಏಪ್ರಿಲಿನಲ್ಲಿ ನಮ್ಮ ಮಾಣಿಗಳನ್ನು ಇದೇ ವಾಕ್ಯದಿಂದ ಕೆಣಕುತ್ತಿದ್ದರು. 'ಸಲ' ಎಂಬುದು ಅವರ ಕಿವಿಗೆ 'ಸಾಲಾ' ಎಂದು ಬೀಳುತ್ತಿದ್ದುದರಿಂದ ಕಪ್ಪನ್ನೇ ಬೈಯುತ್ತಿದ್ದಾರೆಂದು ತಿಳಿದು ನಗುತ್ತಿದ್ದರು. "ಬೈಗಳಲ್ಲ ಭಯ್ಯಾ, ಸಲ ಅಂದರೆ ಬಾರಿ" ಎಂದು ನಮ್ಮ ಹುಡುಗರು ವಿವರಿಸುತ್ತಿದ್ದರು. ಹೀಗೆ ಅವಮಾನದ ದಾರಿಯಿಂದಲೇ ನಾಲ್ಕು ಕನ್ನಡ ಪದಗಳು ಅಸ್ಸಿಯಿಂದ ರಾಜಘಾಟಿನವರೆಗೆ ಪ್ರಚಾರವಾದವು. ವರ್ಷವಿಡೀ 'ಮದ್ರಾಸಿ' ಎಂದು ಕರೆಸಿಕೊಳ್ಳುವ ಹುಡುಗನನ್ನು ಆ ಎರಡು ತಿಂಗಳಾದರೂ 'ಬೆಂಗಳೂರುವಾಲಾ' ಎನ್ನುತ್ತಿದ್ದರು. ಅವನು ಕುಂದಾಪುರದವನೋ ಶಿವಮೊಗ್ಗದವನೋ ಇರಬಹುದು, ತಿದ್ದಲು ಹೋಗುತ್ತಿರಲಿಲ್ಲ.

ಮೊದಲ ಕಪ್ಪನ್ನು ತಂದವರು ಹೆಣ್ಣುಮಕ್ಕಳೆಂಬುದನ್ನು ಇಲ್ಲಿ ಹೇಳದೆ ಹೋದರೆ ಅಪಚಾರವಾದೀತು. ೨೦೨೪ರ ಮಾರ್ಚ್ ೧೭ರಂದು ದೆಹಲಿಯಲ್ಲಿ, ಸ್ಮೃತಿ ಮಂಧಾನರ ತಂಡ ಎಂಟು ವಿಕೆಟ್ಟುಗಳಿಂದ ಗೆದ್ದಿತು. ಕನ್ನಡತಿ ಶ್ರೇಯಾಂಕಾ ಪಾಟೀಲ್ ೧೨ ರನ್ನಿಗೆ ೪ ವಿಕೆಟ್ಟು ಪಡೆದರು. ಗಂಡಸರ ತಂಡ ಹದಿನಾರು ವರ್ಷಗಳಲ್ಲಿ ಮಾಡದ್ದನ್ನು ಇವರು ಎರಡನೆಯ ವರ್ಷದಲ್ಲಿಯೇ ಮಾಡಿದರು. ಅಂದು ಕೂಗಿದವರ ಸಂಖ್ಯೆ ಕಡಮೆಯಿತ್ತೆಂಬುದು ನಮ್ಮ ನಿಷ್ಠೆಯ ಮೇಲಿನ ಒಂದು ಕಪ್ಪು ಚುಕ್ಕೆ.

೨೦೨೫ರ ಜೂನ್ ೩ರಂದು ಅಹಮದಾಬಾದಿನಲ್ಲಿ ಗೆಲುವು ಬಂದೇ ಬಂದಿತು. ನಮ್ಮವರು ೧೯೦, ಪಂಜಾಬು ೧೮೪. ಅಂತರ ಆರು ರನ್ನು. ಹಳೆಯ ಸಾಲ ಅದೇ ನಾಣ್ಯದಲ್ಲಿ ತೀರಿತು. ಕೊನೆಯ ಓವರುಗಳಲ್ಲಿ ಒಂದೇ ಓವರಿನಲ್ಲಿ ಎರಡು ವಿಕೆಟ್ಟು ಕಿತ್ತು ಕೈಹಿಡಿದವರು ಈ ಉತ್ತರಪ್ರದೇಶದ ಮೀರತ್ತಿನ ಭುವನೇಶ್ವರ ಕುಮಾರರು. ಆ ರಾತ್ರಿ ಕೆಣಕುವ ಗಿರಾಕಿಗಳೂ ನಮ್ಮ ಹುಡುಗರೂ ಒಟ್ಟಿಗೆ ಕುಣಿದುದಕ್ಕೆ ಅದೂ ಒಂದು ಕಾರಣ. ನಾವು ಕಂಡ ಒಂದು ಅಡುಗೆಮನೆಯಲ್ಲಿ ಮಾತ್ರ, ಕೊನೆಯ ಎಸೆತವಾದ ಮೇಲೆ ಕೆಲವು ಕ್ಷಣ ಯಾರೂ ಕೂಗಲಿಲ್ಲ. ಗೆದ್ದಾಗ ಏನು ಮಾಡಬೇಕೆಂಬ ಅಭ್ಯಾಸ ಅವರಿಗಿರಲಿಲ್ಲ.

ಮರುದಿನ ಬೆಂಗಳೂರಿನಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಗೆದ್ದು ಒಂದು ದಿನವೂ ಆಗದೆ, ವಿಧಾನಸೌಧದ ಮುಂದೆ ಒಂದು ಸನ್ಮಾನ, ಕ್ರೀಡಾಂಗಣದಲ್ಲಿ ಇನ್ನೊಂದು. ಮೆರವಣಿಗೆ ಇದೆ, ಇಲ್ಲ, ಇದೆ ಎಂದು ಬೇರೆ ಬೇರೆ ಬಾಯಿಗಳಿಂದ ಬೇರೆ ಬೇರೆ ಸುದ್ದಿ. ಸುಮಾರು ಮೂವತ್ತೈದು ಸಾವಿರ ಜನ ಕೂರಬಹುದಾದ ಅಂಗಳದ ಬಾಗಿಲಿಗೆ ಲಕ್ಷಗಟ್ಟಲೆ ಜನ. ಹೊರಗೆ ಜನ ಉಸಿರು ಕಟ್ಟಿ ಸತ್ತ ಮೇಲೆಯೂ ಒಳಗೆ ಸಮಾರಂಭ, ಮೊಟಕಾಗಿಯಾದರೂ, ನಡೆಯಿತು. ಸತ್ತವರಲ್ಲಿ ಹೆಚ್ಚಿನವರು ತರುಣರು. ಶಾಲೆಗೆ ಹೋಗುವ ಒಬ್ಬ ಬಾಲಕಿಯೂ ಇದ್ದಳು. ಕಾನೂನಿನ ಹೊಣೆಯನ್ನು ಅಳೆಯುವುದು ವಿಚಾರಣಾ ಆಯೋಗ, ನ್ಯಾಯಾಲಯಗಳ ಕೆಲಸ. ನಮ್ಮ ಆಕ್ಷೇಪ ಅದಕ್ಕೂ ಹಿಂದಿನದು. ಹದಿನೇಳು ವರ್ಷ ಕಾದ ಜನ ಹದಿನೆಂಟನೆಯ ವರ್ಷ ಬಂದೇ ಬರುತ್ತಾರೆಂಬುದನ್ನು ತಿಳಿಯಲು ಯಾವ ಜ್ಯೋತಿಷಿಯೂ ಬೇಕಿರಲಿಲ್ಲ. ಅವರು ಸೋಲಿನಲ್ಲಿ ಟಿಕೆಟು ಕೊಂಡಾಗ, ಅಂಗಿ ಕೊಂಡಾಗ, ಅವರನ್ನು 'ಜಗತ್ತಿನ ಅತ್ಯಂತ ನಿಷ್ಠಾವಂತ ಅಭಿಮಾನಿಗಳು' ಎಂದು ಹೊಗಳಿದವರು, ಗೆಲುವಿನ ದಿನ ಅವರಿಗಾಗಿ ಸಾಕಷ್ಟು ಬಾಗಿಲುಗಳನ್ನು ತೆರೆದಿಡಲಿಲ್ಲ. ಎರಡು ದಿನ ತಡೆದಿದ್ದರೆ ಕಪ್ಪು ಓಡಿಹೋಗುತ್ತಿರಲಿಲ್ಲ.

ಹುಚ್ಚು ಎಂಬ ಮಾತನ್ನು ಆ ಬಾಗಿಲಲ್ಲಿ ಬಿದ್ದವರ ಮೇಲೆ ಹೊರಿಸಿದರೆ, ಬಾಗಿಲಿನ ಲೆಕ್ಕ ಇಡಬೇಕಾಗಿದ್ದವರು ಹಗುರವಾಗಿ ಪಾರಾಗುತ್ತಾರೆ. ಆ ಕಾರಣದಿಂದಲೂ ನಮ್ಮ ವಾಚಕರು ಆ ಮಾತನ್ನು ಬಿಡಬೇಕೆಂದು ನಾವು ಕೇಳುತ್ತೇವೆ. ಕರ್ನಾಟಕ ಘಾಟಿನಲ್ಲಿ ನಿಂತರೆ ಹರಿಶ್ಚಂದ್ರ ಘಾಟಿನ ಹೊಗೆ ಕಾಣುತ್ತದೆ. ಸತ್ತವನು ಯಾವ ಆಸೆಯಿಂದ ಮನೆ ಬಿಟ್ಟನೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಈ ಊರಿನಲ್ಲಿ ಇದ್ದುಕೊಂಡು ಅಷ್ಟನ್ನಾದರೂ ನಾವು ಕಲಿತಿರಬೇಡವೆ?

ಊಟ ಬಿಡುವ ಹುಡುಗನ ಪ್ರಶ್ನೆ ಉಳಿಯಿತು. ಅದರ ಬಗ್ಗೆ ಹಿರಿಯರು ಚಿಂತಿಸಬೇಕಾದದ್ದಿಲ್ಲ. ಪಂದ್ಯ ಸೋತ ರಾತ್ರಿ ಅವನ ಪಾಲಿನ ಅನ್ನ ಸಾರನ್ನು ಭಟ್ಟರು ಒಲೆಯ ಪಕ್ಕದಲ್ಲಿ ಮುಚ್ಚಿಟ್ಟಿರುತ್ತಾರೆ. ರುಬ್ಬುವ ಯಂತ್ರವನ್ನು ತೊಳೆದಿಟ್ಟು, ಒಂದು ಗಂಟೆಯ ಹೊತ್ತಿಗೆ, ಅವನು ಬಂದು ಉಣ್ಣುತ್ತಾನೆ.