ಕಾಣದ ಪೆಟ್ಟಿಗೆಯ ಯೋಗ್ಯತೆ

ಮಗಳ ಇಂಜಿನಿಯರಿಂಗ್ ಓದಿಗಾಗಿ ಕಂಪ್ಯೂಟರ್ ಕೊಳ್ಳಲು ಖಾನಾಪುರದಿಂದ ಬೆಳಗಾವಿಯ ಪೇಟೆಗೆ ಬರುವ ಗೃಹಸ್ಥರು ಪ್ರೊಸೆಸರಿನ ಹೆಸರು ಕೇಳುತ್ತಾರೆ. ಪರದೆಯ ಅಗಲವನ್ನು ನೋಡುತ್ತಾರೆ. ಪವರ್ ಸಪ್ಲೈಯ ಮಾತು ಬಂದೊಡನೆ ಮಾತ್ರ, “ಅದು ಯಾವುದಾದರೇನ್ರೀ, ಸೋವಿದು ಹಾಕ್ರಿ” ಎಂದುಬಿಡುತ್ತಾರೆ. ಉಳಿತಾಯವು ಕೈಕೊಡುವುದು ಇಲ್ಲಿಯೇ.

ಗೋಡೆಯ ಪ್ಲಗ್ಗಿನಿಂದ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಕಂಪ್ಯೂಟರಿನ ಅಂಗಗಳಿಗೆ ಬೇಕಾದುದು 12, 5 ಮತ್ತು 3.3 ವೋಲ್ಟಿನ ಏಕಮುಖ ವಿದ್ಯುತ್ತು. ಈ ಮಾರ್ಪಾಟನ್ನು ಮಾಡುವುದೇ ಪವರ್ ಸಪ್ಲೈ. ಅದು ಕೆಟ್ಟರೆ ಒಂಟಿಯಾಗಿ ಕೆಡದು. ಒಮ್ಮೊಮ್ಮೆ ಮದರ್‌ಬೋರ್ಡನ್ನೂ ಡಿಸ್ಕನ್ನೂ, ಡಿಸ್ಕಿನಲ್ಲಿದ್ದ ವರ್ಷದ ಅಭ್ಯಾಸವನ್ನೂ ಜೊತೆಗೆ ಕೊಂಡೊಯ್ಯುತ್ತದೆ.

ಮೊದಲು ಬೇಕಾದುದು ಮನೆಯ ಜಮಾಖರ್ಚಿನಂಥ ಲೆಕ್ಕ. ಸಾಧಾರಣ ಪ್ರೊಸೆಸರಿಗೆ ಹೆಚ್ಚೆಂದರೆ 90 ವ್ಯಾಟ್, ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ 60 ವ್ಯಾಟ್ ಎಂದು ಹಿಡಿದರೆ ಒಟ್ಟು 150 ಆಯಿತು. ಚಿತ್ರರಚನೆಗಾಗಿ 120 ವ್ಯಾಟಿನ ಗ್ರಾಫಿಕ್ಸ್ ಕಾರ್ಡನ್ನು ಸೇರಿಸಿದರೆ 270. ಇದರ ಒಂದೂವರೆ ಪಟ್ಟು, ಎಂದರೆ ಸುಮಾರು 400 ರಿಂದ 450 ವ್ಯಾಟಿನ ಸಪ್ಲೈ ಸಾಕು. ಇಂಥ ಯಂತ್ರಕ್ಕೆ 800 ವ್ಯಾಟಿನದನ್ನು ಕೊಳ್ಳುವುದು ದುಂದುಗಾರಿಕೆ.

ಆದರೆ ಹೊರಗೆ ಅಚ್ಚಾದ ದೊಡ್ಡ ಅಂಕಿಯನ್ನು ನಂಬಲಾಗದು. ಡಬ್ಬಿಯ ಅಂದ ನೋಡಿ ಕುಂದಾ ಕೊಳ್ಳುವವರುಂಟೆ? ಸಪ್ಲೈಯ ಮಗ್ಗುಲಲ್ಲಿ ಅಂಟಿಸಿದ ಚೀಟಿಯಲ್ಲಿ 12 ವೋಲ್ಟಿನ ಎದುರಿಗೆ ಎಷ್ಟು ಆಂಪಿಯರ್ ಎಂದಿದೆ, ಅದನ್ನು ಓದತಕ್ಕದ್ದು. 36 ಆಂಪಿಯರ್ ಇದ್ದರೆ, 12ರಿಂದ ಗುಣಿಸಲು 432 ವ್ಯಾಟ್ ದೊರೆಯುತ್ತದೆ. 450 ಎಂಬ ಹೆಸರು ನಿಜವಾಯಿತು. 16 ಆಂಪಿಯರ್ ಮಾತ್ರ ಇದ್ದರೆ ದೊರೆಯುವುದು 192 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಉಣ್ಣುವುದು ಮುಖ್ಯವಾಗಿ ಈ 12 ವೋಲ್ಟಿನಿಂದಲೇ.

2004 ರಲ್ಲಿ ಆರಂಭವಾದ ‘80 ಪ್ಲಸ್’ ಮುದ್ರೆಯನ್ನೂ ನೋಡುವುದು ಒಳ್ಳೆಯದು. ನೂರಕ್ಕೆ 85 ರ ದಕ್ಷತೆಯುಳ್ಳ ಸಪ್ಲೈ 300 ವ್ಯಾಟ್ ಕೊಡಲು ಗೋಡೆಯಿಂದ ಸುಮಾರು 353 ವ್ಯಾಟ್ ಎಳೆಯುತ್ತದೆ; ಉಳಿದುದು ಬಿಸಿಯಾಗಿ ಹೋಗುತ್ತದೆ.

ಸಹ್ಯಾದ್ರಿಯ ಮಗ್ಗುಲಿನ ಖಾನಾಪುರದಂಥ ಊರಿಗೆ ಇಷ್ಟೇ ಸಾಲದು. ಆಷಾಢದ ಗಾಳಿಮಳೆಗೆ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ದೀಪ ಆರುವುದಕ್ಕೆ ಕ್ಷಣ ಬೇಡ. ಒಳ್ಳೆಯ ಸಪ್ಲೈ ಸೆಕೆಂಡಿನ ಅರವತ್ತನೆಯ ಒಂದು ಭಾಗದಷ್ಟು ಕಾಲ ತಾನೇ ತಡೆದು ನಿಲ್ಲುತ್ತದೆ. ಅಷ್ಟರೊಳಗೆ ಯುಪಿಎಸ್ ಭಾರವನ್ನು ಹೊತ್ತುಕೊಳ್ಳಬೇಕು. ಸಾಮಾನ್ಯವಾದ 600 ವಿಎ ಯುಪಿಎಸ್ಸು ಹೊರಬಲ್ಲದ್ದು 360 ವ್ಯಾಟ್ ಮಾತ್ರ ಎಂಬುದನ್ನು ಮರೆಯಬಾರದು. ಪರದೆಯ ವ್ಯಾಟುಗಳೂ ಈ ಲೆಕ್ಕಕ್ಕೆ ಸೇರುತ್ತವೆ. ಹಳೆಯ ಹಂಚಿನ ಮನೆಗಳಲ್ಲಿ ಪ್ಲಗ್ಗಿನ ಮೂರನೆಯ ರಂಧ್ರಕ್ಕೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಶಿಯನ್ನರಿಂದ ಪರೀಕ್ಷಿಸಬೇಕು. ಗುಡುಗು ಕೇಳಿಸಿದರೆ ಪ್ಲಗ್ಗನ್ನು ಕಿತ್ತಿಡುವುದೇ ಕ್ಷೇಮ. ಕೆಟ್ಟ ಸಪ್ಲೈಯನ್ನು ಮನೆಯಲ್ಲಿ ಬಿಚ್ಚಲೇಬಾರದು. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಹಣ ಸಾಲದಿದ್ದರೆ ಪರದೆ ಎರಡು ಅಂಗುಲ ಕಿರಿದಾಗಲಿ, ಬಣ್ಣಬಣ್ಣದ ದೀಪಗಳು ಇಲ್ಲದಿರಲಿ. ಆ ಉಳಿತಾಯವನ್ನು ಒಳಗಿನ ಪೆಟ್ಟಿಗೆಗೆ ಹಾಕಿದ ತಂದೆಯ ಮಗಳು, ಪರೀಕ್ಷೆಯ ಹಿಂದಿನ ರಾತ್ರಿ ಮಳೆ ಎಷ್ಟೇ ಸುರಿಯಲಿ, ಬರೆದುದನ್ನು ಉಳಿಸಿಟ್ಟು ನೆಮ್ಮದಿಯಿಂದ ಮಲಗಬಲ್ಲಳು.