ಆಲೋಚನೆಗೆ ಎಲೆಗಳ ಹಂಗೇಕೆ?

ಸಪ್ತವ್ಯಸನಗಳಲ್ಲಿ ಮೊದಲನೆಯದು ದ್ಯೂತ. ಆ ಕಾರಣದಿಂದಲೇ ಇಸ್ಪೀಟಿನ ಎಲೆಗಳನ್ನು ಹೊಸ್ತಿಲೊಳಗೆ ಬಿಡದ ಶ್ರಾವಕ ಕುಟುಂಬಗಳು ಇಂದಿಗೂ ಇವೆ. ಆದರೆ ಅದೇ ಕುಲದ ಎಲೆಗಳು ‘ಟ್ಯಾರೋ’ ಎಂಬ ಹೆಸರು ಧರಿಸಿ, ‘ಆತ್ಮಾವಲೋಕನದ ಸಾಧನ’ವೆಂಬ ಶಾಲು ಹೊದ್ದು ಬಂದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಮಹಾನಗರಗಳ ಈ ರೂಢಿಗೆ ಈಗ ದೂರವೆಂಬುದಿಲ್ಲ. ಸಿಂಧನೂರು ತಾಲೂಕಿನ ಸಾಲಗುಂದದಂತಹ ಊರಿನಲ್ಲಿ ಕುಳಿತ ತರುಣನೂ ಮೊಬೈಲಿನ ಮೇಲೆ ಬೆರಳಾಡಿಸಿ ಎಲೆ ಎಳೆಯಬಹುದು.

ಇದರ ಸಮರ್ಥಕರು ಬುದ್ಧಿವಂತರು. ‘ಭವಿಷ್ಯ ಕೇಳುವುದು ಮೂಢನಂಬಿಕೆ, ನಾವು ಅದನ್ನು ಮಾಡುವುದಿಲ್ಲ. ಬಾಳು ಮುಂದೆ ಸಾಗದೆ ನಿಂತಾಗ ಒಂದು ಚಿತ್ರವನ್ನು ಎದುರಿಗಿಟ್ಟುಕೊಂಡು ಮನಸ್ಸನ್ನು ವಿಚಾರಿಸಿಕೊಳ್ಳುತ್ತೇವೆ. ಎಲೆ ಕೇವಲ ಕನ್ನಡಿ’ ಎನ್ನುತ್ತಾರೆ. ಈ ವಾದವನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಕಂಗೆಟ್ಟವನಿಗೆ ಒಂದಿಷ್ಟು ಮೌನ, ಒಂದಿಷ್ಟು ಏಕಾಂತ, ಮಾತು ಆರಂಭಿಸಲು ಒಂದು ನೆಪ ಬೇಕಾಗುವುದು ಸಹಜ. ಪ್ರಶ್ನೆಯಿರುವುದು ಆ ಕನ್ನಡಿ ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದರಲ್ಲಿ.

ಮೊದಲು ಅದರ ವಂಶಾವಳಿಯನ್ನು ನೋಡಬೇಕು. ಟ್ಯಾರೋ ಎಂಬುದು ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಶ್ರೀಮಂತರು ಆಡುತ್ತಿದ್ದ ಆಟ. 78 ಎಲೆಗಳು, ಅವುಗಳಲ್ಲಿ 22 ವಿಶೇಷ ಚಿತ್ರದ ಎಲೆಗಳು. ಸುಮಾರು ಮೂರು ಶತಮಾನಗಳ ಕಾಲ ಅದು ಬಹುಮಟ್ಟಿಗೆ ಆಟವಾಗಿಯೇ ಉಳಿಯಿತು. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಿನ್ ಎಂಬ ವಿದ್ವಾಂಸನು ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವೆಂದು ಬರೆದನು. ಆಗ ಈಜಿಪ್ಟಿನ ಚಿತ್ರಲಿಪಿಯನ್ನು ಓದಬಲ್ಲವರೇ ಯಾರೂ ಇರಲಿಲ್ಲವಾದುದರಿಂದ ಅವನನ್ನು ಎದುರಿಸುವವರೂ ಇರಲಿಲ್ಲ! ಇಂದು ಎಲ್ಲೆಡೆ ಕಾಣುವ ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ವೇಯ್ಟ್ ಎಂಬವನ ಸೂಚನೆಯಂತೆ ಪಮೇಲಾ ಕೋಲ್ಮನ್ ಸ್ಮಿತ್ ಎಂಬ ಕಲಾವಿದೆ ಬರೆದವು. ಸನಾತನವೆಂದು ಕೈಮುಗಿಯುವ ವಸ್ತುವಿನ ವಯಸ್ಸು ಇಷ್ಟು. ಸಂತೆಯಲ್ಲಿ ಪಂಜರದಿಂದ ಹೊರಬಂದು ಚೀಟಿ ಎಳೆಯುವ ಗಿಣಿಗೂ ಇದಕ್ಕೂ ಇರುವ ಭೇದ ಬೆಲೆಯಲ್ಲಿ ಮಾತ್ರ. ಗಿಣಿಶಾಸ್ತ್ರದವನು ತನ್ನ ಕಸುಬನ್ನು ಆತ್ಮಾವಲೋಕನವೆಂದು ಕರೆಯುವುದಿಲ್ಲ. ಆ ಮಟ್ಟಿಗೆ ಅವನು ಪ್ರಾಮಾಣಿಕ.

‘ಆದರೂ ಎಲೆಯ ಮಾತು ನನಗೇ ಹೇಳಿದಂತಿತ್ತಲ್ಲ’ ಎಂಬುದು ಅನುಭವಿಗಳ ಸಾಕ್ಷ್ಯ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ನಡೆಸಿ, ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವರ್ಣನೆಯೆಂದು ಒಂದೊಂದು ಹಾಳೆ ಕೊಟ್ಟನು. ಅದು ಎಷ್ಟು ನಿಜವೆಂದು ಕೇಳಿದಾಗ ಅವರು ಐದಕ್ಕೆ ಸರಾಸರಿ 4.26 ಅಂಕ ನೀಡಿದರು. ಬಳಿಕ ತಿಳಿದುದೇನೆಂದರೆ, ಎಲ್ಲ ಹಾಳೆಗಳಲ್ಲಿಯೂ ಇದ್ದುದು ಒಂದೇ ಒಕ್ಕಣೆ. ಅದನ್ನು ಬಹುಪಾಲು ಪೇಟೆಯ ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದುಕೊಂಡಿದ್ದನು. ಎಲ್ಲರಿಗೂ ಒಪ್ಪುವ ಅಂಗಿ ಯಾರ ಅಳತೆಯನ್ನೂ ತೆಗೆದುಕೊಂಡಿರುವುದಿಲ್ಲ.

ಇಲ್ಲಿ ಪರಂಪರೆಯನ್ನು ಬಲ್ಲವರು ಒಂದು ಆಕ್ಷೇಪವನ್ನು ತರುವರು. ಹನ್ನೆರಡು ವರ್ಷಗಳ ಕ್ಷಾಮವನ್ನು ಭದ್ರಬಾಹುಸ್ವಾಮಿಗಳು ನಿಮಿತ್ತದಿಂದ ಅರಿತು ಸಂಘವನ್ನು ದಕ್ಷಿಣಕ್ಕೆ ನಡೆಸಿದರೆಂಬುದು ಪರಂಪರೆಯ ಮಾತು. ಕನ್ನಡದಲ್ಲಿ ಜ್ಯೋತಿಷ್ಯದ ಮೊದಲ ಗ್ರಂಥವಾದ ‘ಜಾತಕತಿಲಕ’ವನ್ನು 1049ರಲ್ಲಿ ರಚಿಸಿದ ನರಗುಂದದ ಶ್ರೀಧರಾಚಾರ್ಯನೂ ಜೈನನೇ. ಹೀಗಿರುವಾಗ ಎಲೆಗಳಿಗೆ ಮಾತ್ರ ನಿಷೇಧವೇಕೆ? ಪ್ರಶ್ನೆ ಯುಕ್ತವಾದುದು, ಉತ್ತರವೂ ಗ್ರಂಥಗಳಲ್ಲಿಯೇ ಇದೆ. ನಿಮಿತ್ತವು ಲೋಕದ ಸಂಗತಿಯನ್ನು ಕುರಿತ ವಿದ್ಯೆ. ಆತ್ಮಶುದ್ಧಿಯ ಸಾಧನವೆಂದು ಅದನ್ನು ಯಾವ ಆಚಾರ್ಯರೂ ವಿಧಿಸಲಿಲ್ಲ. ಅಷ್ಟೇ ಅಲ್ಲ, ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಮುನಿಯ ಆಹಾರಕ್ಕೆ ತಗಲುವ ಹದಿನಾರು ಉತ್ಪಾದನದೋಷಗಳಲ್ಲಿ, ನಿಮಿತ್ತ ಹೇಳಿ ಆಹಾರ ಪಡೆಯುವುದನ್ನೂ ಸೇರಿಸಿದೆ. ಬಲ್ಲವನಿಗೂ ಅದು ಜೀವನೋಪಾಯವಾಗಕೂಡದು. ಮಸ್ಕಿಯ ಶಾಸನದಲ್ಲಿ ತನ್ನ ಹೆಸರನ್ನು ಉಳಿಸಿದ ಅಶೋಕನೂ ತನ್ನ ಒಂಬತ್ತನೆಯ ಬಂಡೆಶಾಸನದಲ್ಲಿ, ರೋಗ, ವಿವಾಹ, ಪ್ರಯಾಣಗಳ ವೇಳೆ ಜನರು ಮಾಡುವ ಬಗೆಬಗೆಯ ಮಂಗಳಕರ್ಮಗಳು ಅಲ್ಪಫಲದವೆಂದು ಸಾರಿದ್ದನ್ನು ಈ ಸೀಮೆಯವರು ನೆನೆಯಬಹುದು.

ಈಗ ಮುಖ್ಯ ವಿಷಯ. ಆಲೋಚನೆಯೆಂಬ ಪದಕ್ಕೆ ಇಂದಿನ ಕನ್ನಡದಲ್ಲಿ ಯೋಚನೆಯೆಂದಷ್ಟೇ ಅರ್ಥ ಉಳಿದಿದೆ. ಆಗಮದಲ್ಲಿ ಅದು ಮಾಡಿದ ತಪ್ಪನ್ನು ಗುರುವಿನ ಮುಂದೆ, ಇದ್ದುದನ್ನು ಇದ್ದಂತೆ ನಿವೇದಿಸಿಕೊಳ್ಳುವ ಕ್ರಿಯೆ. ಶಿವಾರ್ಯರ ‘ಭಗವತೀ ಆರಾಧನೆ’ಯು ಇದರ ಹತ್ತು ದೋಷಗಳನ್ನು ಹೇಳುತ್ತದೆ. ಮನುಷ್ಯನು ತನ್ನನ್ನು ತಾನು ವಂಚಿಸಿಕೊಳ್ಳುವ ದಾರಿಗಳ ಇಷ್ಟು ನಿಷ್ಠುರವಾದ ಪಟ್ಟಿ ಬೇರೆಲ್ಲಿಯಾದರೂ ಇದ್ದೀತೇ ಎಂಬುದು ಸಂದೇಹ. ಪರರು ಕಂಡ ತಪ್ಪನ್ನಷ್ಟೇ ಹೇಳಿ ಉಳಿದುದನ್ನು ನುಂಗುವುದು ‘ದೃಷ್ಟ’. ತನ್ನ ತಪ್ಪೆನ್ನದೆ, ಇಂತಹ ದೋಷಕ್ಕೆ ಏನು ಪ್ರಾಯಶ್ಚಿತ್ತವೆಂದು ಮರೆಯಲ್ಲಿ ನಿಂತು ಕೇಳುವುದು ‘ಛನ್ನ’. ಒಬ್ಬ ಗುರು ಕೊಟ್ಟ ಪ್ರಾಯಶ್ಚಿತ್ತದಲ್ಲಿ ವಿಶ್ವಾಸವಿಡದೆ ಇನ್ನೊಬ್ಬರನ್ನು ಕೇಳುತ್ತ ಹೋಗುವುದು ‘ಬಹುಜನ’. ಜ್ಞಾನವಿಲ್ಲದವನ ಮುಂದೆ ಹೇಳಿಕೊಳ್ಳುವುದು ‘ಅವ್ಯಕ್ತ’.

ಟ್ಯಾರೋ ಎಲೆಯನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಅದರ ಬಣ್ಣ ಬಯಲಾಗುತ್ತದೆ. ಎಲೆಯ ಮುಂದೆ ತಪ್ಪನ್ನು ಹೆಸರಿಟ್ಟು ಹೇಳಬೇಕಾಗಿಲ್ಲ. ಛನ್ನದೋಷವೇ ಅಲ್ಲಿ ವಿಧಾನ. ಮೊದಲ ಎಲೆ ರುಚಿಸದಿದ್ದರೆ ಎರಡನೆಯದನ್ನು ಎಳೆಯಬಹುದು, ಅದು ಬಹುಜನದೋಷ. ಎಲೆಗೆ ಜ್ಞಾನವೇ ಇಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ಆಲೋಚನೆಯ ಬೆನ್ನಿಗೆ ಪ್ರತಿಕ್ರಮಣವಿಲ್ಲ, ‘ಇನ್ನು ಮಾಡೆ’ನೆಂಬ ಪ್ರತ್ಯಾಖ್ಯಾನವಿಲ್ಲ. ಒಂದು ಭಾವ ಬರುತ್ತದೆ, ಹಗುರವೆನಿಸುತ್ತದೆ, ಎಲೆಗಳು ಡಬ್ಬಿಗೆ ಮರಳುತ್ತವೆ.

ಸಿಂಧನೂರು ಸೀಮೆಯದೇ ಒಂದು ಸಂದರ್ಭವನ್ನು ಊಹಿಸಬಹುದು. ತಂದೆಯ ಅಡತಿ ಅಂಗಡಿಯನ್ನು ವಹಿಸಿಕೊಂಡ ಮಗ. ಬ್ಯಾಂಕಿನ ಸಾಲ ಏರಿದೆ, ಭತ್ತ ಕೊಟ್ಟ ರೈತರಿಗೆ ಹಣ ಸಂದಿಲ್ಲ, ತಮ್ಮನೊಡನೆ ಮಾತು ನಿಂತಿದೆ. ಅವನು ಎಲೆ ಎಳೆಯುತ್ತಾನೆ. ಸಿಡಿಲು ಬಡಿದು ಉರುಳುವ ಗೋಪುರದ ಚಿತ್ರ ಬರುತ್ತದೆ: ‘ಹಳೆಯದು ಕುಸಿದು ಹೊಸತಕ್ಕೆ ಎಡೆಯಾಗುತ್ತಿದೆ.’ ಎಷ್ಟು ಸಾಂತ್ವನದ ಮಾತು! ರೈತನ ಬಾಕಿ ಅದರಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸಂಜೆ ಕಿರ್ದಿಯೊಡನೆ ಶಿಲ್ಕು ತಾಳೆಯಾಗದಿದ್ದರೆ ಯಾವ ಗುಮಾಸ್ತನೂ ಚಿತ್ರ ನೋಡುತ್ತ ಕೂರುವುದಿಲ್ಲ. ಯಾವ ಕಲಮು ಬಿಟ್ಟುಹೋಗಿದೆಯೆಂದು ಸಾಲುಸಾಲಾಗಿ ಹುಡುಕುತ್ತಾನೆ. ದೈವಸಿಕ ಪ್ರತಿಕ್ರಮಣದ ರೀತಿಯೂ ಅದೇ: ಇಂದು ಯಾರನ್ನು ನೋಯಿಸಿದೆ, ಯಾವ ಮಾತಿನಲ್ಲಿ ಸುಳ್ಳಿತ್ತು, ಯಾರದನ್ನು ಹಿಡಿದಿಟ್ಟುಕೊಂಡೆ. ಈ ಪ್ರಶ್ನೆಗಳಿಗೆ ಅವನ ಉತ್ತರದಲ್ಲಿ ರೈತನ ಹೆಸರು, ತಮ್ಮನ ಹೆಸರು ಬಂದೇ ತೀರಬೇಕು. ನಾಳೆ ಬೆಳಿಗ್ಗೆ ಯಾರ ಮನೆಗೆ ಹೋಗಬೇಕೆಂಬುದೂ ಅಲ್ಲಿಯೇ ತಿಳಿಯುತ್ತದೆ.

ಸಂಕಟವೆಲ್ಲ ಸ್ವಂತ ತಪ್ಪಿನಿಂದಲೇ ಬರುವುದೆಂದು ಇದರ ಅರ್ಥವಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ ಎಡದಂಡೆ ಕಾಲುವೆಯನ್ನು ನಂಬಿದ ರೈತರೂ ವರ್ತಕರೂ ಒಟ್ಟಿಗೆ ಕಂಗೆಟ್ಟರು. ಅದಕ್ಕೆ ಬೇಕಾದುದು ಎಂಜಿನಿಯರ ವಿದ್ಯೆ. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸಿ ಒಂದು ವಾರದೊಳಗೆ ಅದನ್ನು ಮುಚ್ಚಿದರು. ಹಾಗೆಯೇ, ನಿದ್ರೆ ಅನ್ನ ಬಿಟ್ಟು ಬದುಕೇ ಬೇಡವೆನ್ನುವವನಿಗೆ ವೈದ್ಯರು ಬೇಕು. ಅಂಥವನಿಗೆ ಸಾಮಾಯಿಕ ಮಾಡೆಂದಷ್ಟೇ ಹೇಳಿ ಕಳುಹಿಸುವುದು ನಿರ್ದಯ. ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯನ್ನು ಬಸದಿಯ ಫಲಕದಲ್ಲಿ ಬರೆಸಿದರೆ ಯಾವ ವ್ರತಕ್ಕೂ ಭಂಗವಿಲ್ಲ.

ಟ್ರಸ್ಟುಗಳ ಧರ್ಮದರ್ಶಿಗಳು ಎಲೆ ಹಿಡಿದ ತರುಣರನ್ನು ಗದರಿಸುವ ಮೊದಲು ಒಂದು ಲೆಕ್ಕ ಕೊಡಬೇಕಾಗಿದೆ. ಪಂಚಕಲ್ಯಾಣಕ್ಕೆ, ಶಿಖರದ ಬಣ್ಣಕ್ಕೆ, ಹೊಸ ಸಭಾಭವನಕ್ಕೆ ಹಣ ಕೂಡಿಬರುತ್ತದೆ. ಪ್ರತಿಕ್ರಮಣದ ಪ್ರಾಕೃತ ಪಾಠವನ್ನು ಕನ್ನಡದಲ್ಲಿ ಅರ್ಥ ಬಿಡಿಸಿ ಕಲಿಸಲು ಎಷ್ಟು ಖರ್ಚಾಗಿದೆ? ಅರ್ಥ ತಿಳಿಯದೆ ಅವಸರದಲ್ಲಿ ಉರುಳಿಸುವ ಪಾಠ, ಗದ್ದಲದ ನಡುವೆ ತಪ್ಪೊಪ್ಪಿಕೊಳ್ಳುವ ‘ಶಬ್ದಾಕುಲಿತ’ ದೋಷಕ್ಕೆ ಅಷ್ಟೇನೂ ದೂರವಿಲ್ಲ. ಎಲೆಯವರು ಮನನೊಂದ ಹುಡುಗಿಯೊಬ್ಬಳಿಗೆ ಅರ್ಧ ಗಂಟೆ ಕಿವಿಗೊಡುತ್ತಾರೆ. ಅದಕ್ಕಾಗಿಯೇ ಅವಳು ಹಣ ಕೊಡುತ್ತಾಳೆ. ವಾರಕ್ಕೊಂದು ಸಂಜೆ ಬಸದಿಯ ಜಗಲಿಯಲ್ಲಿ 48 ನಿಮಿಷಗಳ ಒಂದು ಸಾಮಾಯಿಕ, ಅದರ ಬಳಿಕ ಹಿರಿಯ ಶ್ರಾವಕ ಶ್ರಾವಿಕೆಯರಲ್ಲಿ ಬಾಯಿ ಭದ್ರವಿರುವ ಇಬ್ಬರು ಕುಳಿತು ಕೇಳಿಸಿಕೊಳ್ಳುವ ವ್ಯವಸ್ಥೆ, ಇಷ್ಟನ್ನು ಮುಂದಿನ ಚಾತುರ್ಮಾಸದೊಳಗೆ ಆರಂಭಿಸಲು ಟ್ರಸ್ಟಿನ ಒಂದು ಠರಾವು ಸಾಕು.